ಮೈಸೂರು ರೇಷ್ಮೆ ಸೀರೆ ಬರೀ 1,499 ರೂಪಾಯಿಗೆ: ಬಲ್ಲವರು ದಯವಿಟ್ಟು ಹೇಳಿ

ಮಲ್ಲಿಗೆಬಳ್ಳಿ

ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಸರ್ಕಾರಿ ರೇಷ್ಮೆ ನಿಗಮದ ಹಳೆಯ ಗೋದಾಮು ಮುಚ್ಚುತ್ತಿದೆಯಂತೆ, ಉಳಿದ ಸೀರೆಗಳನ್ನೆಲ್ಲ 1,499 ರೂಪಾಯಿಗೆ ಕೊಟ್ಟುಬಿಡುತ್ತಾರಂತೆ. ಕೊಂಡಿ ಒತ್ತಿದರೆ ಚೆಂದದ ಜಾಲತಾಣ ತೆರೆದುಕೊಳ್ಳುತ್ತದೆ. ಮೇಲೆ ಗಂಡಭೇರುಂಡ, ಕೆಳಗೆ ಬಣ್ಣಬಣ್ಣದ ಕ್ರೇಪ್ ಸೀರೆಗಳು, ಪಕ್ಕದಲ್ಲಿ ಗಡಿಯಾರವೊಂದು ನಿಮಿಷಗಳನ್ನು ಕಳೆಯುತ್ತಾ ಸಾಗುತ್ತದೆ. “ಇನ್ನು 17 ಸೀರೆ ಮಾತ್ರ” ಎಂದು ಕೆಂಪಕ್ಷರದಲ್ಲಿದೆ. ಗೌರಿ ಹಬ್ಬಕ್ಕೆ ನಾದಿನಿಯರಿಗೂ ಸೊಸೆಯರಿಗೂ ಸೇರಿಸಿ ಐದು ಸೀರೆ ತರಿಸಬೇಕೆಂದು ನಮ್ಮ ಚಿಕ್ಕಮ್ಮ ಹೊರಟಿದ್ದಾರೆ.

ಚಿಕ್ಕಮ್ಮ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಯಾರ ಮಾತಿಗೂ ಸುಮ್ಮನೆ ಮರುಳಾಗುವವರಲ್ಲ. “ಸರ್ಕಾರದ್ದೇ ಅಲ್ಲವೇನೇ, ಲಾಭ ಮಾಡಬೇಕೆಂದಿಲ್ಲ” ಎನ್ನುತ್ತಾರೆ. “ಮೋಸ ಇರಬಹುದು ಚಿಕ್ಕಮ್ಮ” ಎಂದರೆ “ನಿಮಗೆಲ್ಲ ಎಲ್ಲವೂ ಮೋಸವೇ” ಎಂದು ಮುಖ ಸಿಂಡರಿಸುತ್ತಾರೆ. ಅವರ ಮನಸ್ಸಿಗೆ ನೋವಾಗಬಾರದು, ದುಡ್ಡೂ ಹೋಗಬಾರದು. ಬೆದರಿಕೆಯ ಮಾತು ಬೇಡ, ಅವರು ಒಪ್ಪುವಂಥ ಕಾರಣ ಬೇಕು. ರೇಷ್ಮೆಯ ಬಗ್ಗೆ ತಿಳಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ.

ತುಂಗಾತೀರ

ನಾನು ಆ ಕೊಂಡಿ ತೆರೆದು ನೋಡಿದೆ. ಮಾರುವವರ ಹೆಸರಿಲ್ಲ, ವಿಳಾಸವಿಲ್ಲ, ಜಿಎಸ್‌ಟಿ ಸಂಖ್ಯೆಯೂ ಇಲ್ಲ. “ಸಂಪರ್ಕಿಸಿ” ಎಂಬಲ್ಲಿ ಒಂದು ಜಿಮೇಲ್ ವಿಳಾಸ ಮಾತ್ರ ಇದೆ. ಜಾಲತಾಣದ ಹೆಸರು ಯಾವಾಗ ನೋಂದಣಿಯಾಗಿದೆ ಎಂದು ಯಾರು ಬೇಕಾದರೂ ಹುಡುಕಬಹುದು. ಇದು ನೋಂದಣಿಯಾಗಿರುವುದು ಮೊನ್ನೆ ಮೊನ್ನೆ. ಪುಟವನ್ನು ಮುಚ್ಚಿ ಮತ್ತೆ ತೆರೆದರೆ ಗಡಿಯಾರವೂ ಮೊದಲಿನಿಂದ ಶುರುವಾಗುತ್ತದೆ, 17 ಸೀರೆ 17 ಆಗಿಯೇ ಉಳಿಯುತ್ತದೆ. ಚಿಕ್ಕಮ್ಮನ ಎದುರಿಗೇ ಎರಡು ಸಲ ತೆರೆದು ತೋರಿಸಿ.

ಇಂಥ ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ನಿಷೇಧಿಸಿದೆ. ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿ ಅದರಲ್ಲಿದೆ, ಮೊದಲನೆಯದೇ ಇದು.

ಗೂಡಿನಪೇಟೆ

ಮಲ್ಲಿಗೆಬಳ್ಳಿ ಅವರೇ, ನಮ್ಮದು ರಾಮನಗರ. ಮನೆತನದಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿಕೊಂಡು ಬಂದವರು. ಜಾಲತಾಣದ ವಿಚಾರ ನನಗೆ ಹೆಚ್ಚು ತಿಳಿಯದು. ಆದರೆ ಚಿಕ್ಕಮ್ಮ ಗಣಿತದ ಮೇಷ್ಟ್ರು ಎಂದಿರಿ, ಹಾಗಾಗಿ ಲೆಕ್ಕವನ್ನೇ ಕೊಡುತ್ತೇನೆ. ಅವರೇ ಕಾಗದದ ಮೇಲೆ ಹಾಕಿ ನೋಡಲಿ.

ನಮ್ಮ ಊರಿನ ಮಾರುಕಟ್ಟೆಗೆ ರೈತರು ರೇಷ್ಮೆ ಗೂಡು ತರುತ್ತಾರೆ, ಹರಾಜಾಗುತ್ತದೆ. ಧಾರಣೆ ದಿನಕ್ಕೊಂದು ರೀತಿ. ಒಳ್ಳೆಯ ಗೂಡು ಹೆಚ್ಚಿಗೆ ಹೋಗುತ್ತದೆ, ಮಳೆಗೆ ಸಿಕ್ಕಿದ್ದು ಕಡಿಮೆಗೆ. ಲೆಕ್ಕಕ್ಕೆ ಸುಲಭವಾಗುವ ಹಾಗೆ ಕೆ.ಜಿ.ಗೆ 500 ರೂಪಾಯಿ ಎಂದಿಟ್ಟುಕೊಳ್ಳಿ, ಈಚೆಗೆ ಅದಕ್ಕಿಂತ ಮೇಲೆ ಹೋದ ದಿನಗಳೇ ಹೆಚ್ಚು. ಒಂದು ಕೆ.ಜಿ. ಕಚ್ಚಾ ರೇಷ್ಮೆ ತೆಗೆಯಲು ಸುಮಾರು 7 ಕೆ.ಜಿ. ಗೂಡು ಬೇಕು. ಅಲ್ಲಿಗೆ ಗೂಡಿನ ಬಾಬತ್ತು 3,500 ರೂಪಾಯಿ. ಇದರಲ್ಲಿ ಸೌದೆ, ಕರೆಂಟು, ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವ ಹೆಣ್ಣುಮಕ್ಕಳ ಕೂಲಿ ಯಾವುದೂ ಸೇರಿಲ್ಲ.

ಮುಂದೆ ಕೇಳಿ. ಕಚ್ಚಾ ರೇಷ್ಮೆಯಲ್ಲಿ ಅಂಟು ಇರುತ್ತದೆ. ಅದನ್ನು ಸೋಪಿನ ನೀರಿನಲ್ಲಿ ಕುದಿಸಿ ತೆಗೆದರೇನೇ ರೇಷ್ಮೆಗೆ ಆ ಮಿರುಗು, ಆ ಮೆದುವು ಬರುವುದು. ಕುದಿಸಿದಾಗ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗಿಬಿಡುತ್ತದೆ. ಸೀರೆಯಲ್ಲಿ ಜರಿ ಬಿಟ್ಟು 400 ಗ್ರಾಂ ಅಪ್ಪಟ ರೇಷ್ಮೆ ಇದೆ ಎಂದರೆ, ಅದಕ್ಕೆ 530 ಗ್ರಾಂಗೂ ಮೇಲೆ ಕಚ್ಚಾ ರೇಷ್ಮೆ ಹೋಗಿದೆ ಎಂದರ್ಥ. 3,500ರ ಲೆಕ್ಕದಲ್ಲಿ ಗುಣಿಸಿ. 1,850 ದಾಟಿತು. ಇದು ಹುಳು ಕಟ್ಟಿದ ಗೂಡಿಗೆ ರೈತನ ಕೈಗೆ ಹೋಗುವ ಹಣ ಮಾತ್ರ. ನೂಲಿನ್ನೂ ಹುರಿಯಾಗಿಲ್ಲ, ಬಣ್ಣ ಕಂಡಿಲ್ಲ, ಮಗ್ಗ ಹತ್ತಿಲ್ಲ, ಜರಿ ಮುಟ್ಟಿಲ್ಲ. ಅಷ್ಟರಲ್ಲೇ ಜಾಹೀರಾತಿನ 1,499 ಮೀರಿ ಹೋಯಿತು.

ಗೂಡಿನ ದರವನ್ನು ರೇಷ್ಮೆ ಇಲಾಖೆ ಪ್ರಕಟಿಸುತ್ತದೆ. ರಾಮನಗರ, ಶಿಡ್ಲಘಟ್ಟ ಎರಡೂ ಕಡೆಯದು ಸಿಗುತ್ತದೆ. ನನ್ನ ಮಾತು ನಂಬಬೇಕಿಲ್ಲ, ಅವತ್ತಿನ ದರ ಹಾಕಿ ಮತ್ತೆ ಲೆಕ್ಕ ಮಾಡಲಿ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಬೆಳಗ್ಗೆ, ರಾತ್ರಿ ಎನ್ನದೆ ಸೊಪ್ಪು ಕೊಯ್ದು ಹಾಕಿ, ಹುಳು ಹಣ್ಣಾದ ಮೇಲೆ ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟುವವರೆಗೂ ಸುಣ್ಣಕಟ್ಟು ರೋಗ ಬಾರದಿರಲೆಂದು ಕಾಯುವ ಮನೆಗಳು ನಮ್ಮ ಸುತ್ತ ಸಾವಿರಾರು ಇವೆ. “ಅಪ್ಪಟ ರೇಷ್ಮೆ 1,499” ಎನ್ನುವ ಜಾಹೀರಾತು ನೋಡಿದಾಗಲೆಲ್ಲ ಆ ಶ್ರಮಕ್ಕೆ ಯಾರೋ ಕವಡೆಯ ಬೆಲೆ ಕಟ್ಟಿದ ಹಾಗಾಗುತ್ತದೆ. ಹೊಟ್ಟೆ ಉರಿಯುತ್ತದೆ.

ಹಳೆಮೈಸೂರು

ಗೂಡಿನಪೇಟೆಯವರು ಹೇಳಿದ್ದಕ್ಕೆ ಜರಿಯ ಲೆಕ್ಕವನ್ನೂ ಸೇರಿಸಿ. ನಿಗಮದ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಇರುತ್ತದೆ. ಬೆಳ್ಳಿ ಕೆ.ಜಿ.ಗೆ ಲಕ್ಷ ರೂಪಾಯಿ ದಾಟಿರುವ ಕಾಲ ಇದು. ಸೀರೆಯಲ್ಲಿ 50 ಗ್ರಾಂ ಜರಿ ಇದ್ದರೆ ಬೆಳ್ಳಿಯೊಂದೇ 3,000 ರೂಪಾಯಿಗೆ ಮೇಲಾಯಿತು. ಚಿನ್ನದ ಮಾತು ಆಮೇಲೆ.

ಇನ್ನು “ಗೋದಾಮು ಮುಚ್ಚುತ್ತಿದೆ” ಎಂಬ ಕತೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆ ಅದು, 1980ರಿಂದ ನಿಗಮದ ಕೈಯಲ್ಲಿದೆ. ಈಚಿನ ವರ್ಷಗಳಲ್ಲಿ ಅವರ ಮಳಿಗೆಗಳ ಮುಂದೆ ಹೆಂಗಸರು ಬೆಳಗಿನ ಜಾವದಲ್ಲೇ ಬಂದು ಸಾಲು ನಿಲ್ಲುವುದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಹತ್ತಾರು ಸಾವಿರ ಕೊಡುತ್ತೇವೆಂದರೂ ಬೇಕಾದ ಬಣ್ಣ ಸಿಗುವುದಿಲ್ಲ. ಬಾಗಿಲು ತೆರೆಯುವ ಮೊದಲೇ ಜನ ಕಾದಿರುವ ಸರಕು ಗೋದಾಮಿನಲ್ಲಿ ಕೊಳೆಯುವುದುಂಟೇ? ಹಬ್ಬಕ್ಕೆ ನಿಗಮವೂ ರಿಯಾಯಿತಿ ಕೊಟ್ಟದ್ದಿದೆ. ಹತ್ತರಲ್ಲಿ ಒಂಬತ್ತು ಪಾಲು ಬೆಲೆ ಇಳಿಸಿದ್ದನ್ನು ನಾನಂತೂ ಕಂಡಿಲ್ಲ.

ಅಸಲಿ ಸೀರೆಯಲ್ಲಿ ಹಾಲೊಗ್ರಾಮ್ ಇರುತ್ತದೆ, ಪ್ರತಿ ಸೀರೆಗೂ ಅದರದೇ ಸಂಖ್ಯೆ ಇರುತ್ತದೆ. ನಿಗಮದ್ದಲ್ಲದ ಬೇರೆ ರೇಷ್ಮೆಯಾದರೂ, ಅಪ್ಪಟ ರೇಷ್ಮೆ ಎಂದು ಹೇಳಿ ಮಾರುವ ಅಂಗಡಿಯವರು ಕೇಂದ್ರ ರೇಷ್ಮೆ ಮಂಡಳಿಯ ‘ಸಿಲ್ಕ್ ಮಾರ್ಕ್’ ಚೀಟಿ ತೋರಿಸಬಲ್ಲರೇ ಎಂದು ಕೇಳಬಹುದು. ಕೇಳಲು ಸಂಕೋಚ ಪಡಬೇಕಾಗಿಲ್ಲ.

ಸಂತೆದಾರಿ

ಎಲ್ಲರೂ ಹೀಗೆ ಹೇಳುತ್ತಾ ಹೋದರೆ ಅಗ್ಗವಾದದ್ದೆಲ್ಲ ಮೋಸ ಎಂದಾಗಿಬಿಡುತ್ತದೆ. ನಾನು ಇಳಕಲ್ ಸೀರೆಗಳನ್ನು ನೇಕಾರರ ಮನೆಯಿಂದಲೇ ವಾಟ್ಸ್‌ಆ್ಯಪ್ ಮೂಲಕ ತರಿಸುತ್ತೇನೆ. ಅಂಗಡಿಯ ಬೆಲೆಗಿಂತ ಎಷ್ಟೋ ಕಡಿಮೆ, ಸೀರೆಯೂ ಚೆನ್ನಾಗಿರುತ್ತದೆ. ಅವರಿಗೂ ಜಾಲತಾಣವಿಲ್ಲ, ಜಿಎಸ್‌ಟಿ ಸಂಖ್ಯೆಯಿಲ್ಲ. ನಿಮ್ಮ ಪರೀಕ್ಷೆಗಳನ್ನೆಲ್ಲ ಇಟ್ಟರೆ ಪಾಸಾಗುವುದು ದೊಡ್ಡ ಕಂಪನಿಗಳು ಮಾತ್ರ. ಬಡ ನೇಕಾರ ಎಲ್ಲಿ ಹೋಗಬೇಕು?

ನೇಕಾರಮನೆ

ಸಂತೆದಾರಿಯವರ ಮಾತು ಅರ್ಧ ನಿಜ. ನಾವು ಇಳಕಲ್‌ನವರೇ. ಮಧ್ಯದವರಿಲ್ಲದೆ ನೇರವಾಗಿ ಮಾರಿದಾಗ ಬೆಲೆ ಇಳಿಯುತ್ತದೆ, ಇಳಿಯಲೇಬೇಕು. ಆದರೆ ಅದಕ್ಕೂ ಒಂದು ತಳ ಇರುತ್ತದಲ್ಲ. ನೂಲಿನ ಹಣ ಮತ್ತು ಮಗ್ಗದ ಮೇಲೆ ಕುಳಿತವರ ದಿನಗೂಲಿ ಸೇರಿದ ಮೇಲೆ ಅದರ ಕೆಳಗೆ ಹೋಗಲು ನಮಗೆ ಸಾಧ್ಯವಿಲ್ಲ. ನಾವು ಅಂಗಡಿಯ ಲಾಭ ಬಿಡಬಹುದು, ಊಟ ಬಿಡಲಾಗದು.

ನಮಗೆ ಆಗುತ್ತಿರುವುದು ಏನೆಂದು ಹೇಳುತ್ತೇನೆ. ನಮ್ಮ ಮನೆಯಲ್ಲಿ ತೆಗೆದ ಸೀರೆಯ ಚಿತ್ರಗಳನ್ನೇ ಕದ್ದು, ಯಾರೋ ಎಲ್ಲೋ 599 ಎಂದು ಹಾಕುತ್ತಾರೆ. ಚಿತ್ರದ ಮೂಲೆಯಲ್ಲಿ ನಮ್ಮ ಮಗ್ಗದ ಗುಂಡಿ, ನಮ್ಮ ಗೋಡೆಯ ಕ್ಯಾಲೆಂಡರು ಕಾಣುತ್ತದೆ! ಗಿರಾಕಿಗಳು ಅದನ್ನು ನಮಗೇ ಕಳಿಸಿ “ಅಲ್ಲಿ ಇಷ್ಟಕ್ಕೆ ಕೊಡುತ್ತಾರೆ, ನೀವೇಕೆ ಇಷ್ಟು ಹೇಳುತ್ತೀರಿ” ಎಂದು ಕೇಳುತ್ತಾರೆ. ನಮ್ಮದೇ ಸೀರೆಯ ಎದುರು ನಾವೇ ದುಬಾರಿಯವರಾಗಿ ನಿಲ್ಲಬೇಕು. 599ಕ್ಕೆ ತರಿಸಿಕೊಂಡವರಿಗೆ ಸಿಗುವುದು ಪವರ್‌ಲೂಮಿನ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅಚ್ಚು ಹಾಕಿದ ಅಂಚು. ಅವರು ಆಮೇಲೆ “ಇಳಕಲ್ ಸೀರೆ ಇಷ್ಟೇ” ಎಂದು ತೀರ್ಮಾನಿಸಿ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಮೋಸ ಹೋದವರಿಗೆ ಒಂದು ಸಲದ ನಷ್ಟ, ನಮಗೆ ಗಿರಾಕಿಯೇ ಹೋದ ಹಾಗೆ.

ಹಾಗಾದರೆ ಗುರುತಿಸುವುದು ಹೇಗೆ? ಮಾರುವವರಿಗೆ ವಿಡಿಯೊ ಕರೆ ಮಾಡಿ ಸೀರೆ ಬಿಚ್ಚಿ ತೋರಿಸಲು ಹೇಳಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತೇವೆ. ಅದಕ್ಕೇ ತೋಪು ತೆನೆ ಎನ್ನುವುದು. ಆ ಜಾಗವನ್ನು ಹತ್ತಿರದಿಂದ ತೋರಿಸಿ ಎನ್ನಿ, ಸೆರಗಿನ ಹಿಂಬದಿಯನ್ನೂ ತೋರಿಸಿ ಎನ್ನಿ. ನೇಯ್ದವರು ಸಂತೋಷದಿಂದ ತೋರಿಸುತ್ತಾರೆ, ನಿಲ್ಲಿಸು ಎಂದರೂ ನಿಲ್ಲಿಸದೆ ಗೋಮಿ ದಡಿ, ಚಿಕ್ಕಿ ಪರಾಸು ಎಂದು ಅಂಚಿನ ಬಗೆಗಳನ್ನೆಲ್ಲ ಹೇಳುತ್ತಾ ಹೋಗುತ್ತಾರೆ. ಕದ್ದ ಚಿತ್ರದವನು “ನೆಟ್‌ವರ್ಕ್ ಇಲ್ಲ, ಮೊದಲು ಹಣ ಹಾಕಿ” ಎನ್ನುತ್ತಾನೆ. ಜಿಎಸ್‌ಟಿ ಸಂಖ್ಯೆ ಇಲ್ಲದ ಬಡ ನೇಕಾರನಿಗೂ ಮನೆ ಇರುತ್ತದೆ, ಊರಿರುತ್ತದೆ, ಅವನನ್ನು ಬಲ್ಲ ಸಹಕಾರ ಸಂಘ ಇರುತ್ತದೆ.

ಸಂತೆದಾರಿ

ಒಪ್ಪಿದೆ. ತಳದ ಬೆಲೆ ಎಂಬ ಮಾತು ನನಗೆ ಹೊಳೆದಿರಲಿಲ್ಲ. ನಾನು ತರಿಸುವವರು ವಿಡಿಯೊದಲ್ಲಿ ಮಗ್ಗವನ್ನೂ ತೋರಿಸಿದ್ದರು, ಅದನ್ನು ಬರೆಯಬೇಕಿತ್ತು.

ದಕ್ಷಿಣಗೋಳ

ನಾನಿರುವುದು ಮೆಲ್ಬರ್ನ್‌ನಲ್ಲಿ. “ಅಂಗಡಿ ಮುಚ್ಚುತ್ತಿದ್ದೇವೆ” ಎಂಬ ಕತೆ ಇಲ್ಲಿಯೂ ಇದೆ. ವರ್ಷಗಟ್ಟಲೆ ನಡೆಸಿದ ಪುಟ್ಟ ಬಟ್ಟೆ ಅಂಗಡಿಯನ್ನು ಭಾರವಾದ ಮನಸ್ಸಿನಿಂದ ಮುಚ್ಚುತ್ತಿದ್ದೇವೆ ಎಂಬ ಬರಹ, ಅಂಗಡಿಯ ಹೆಸರಿನಲ್ಲಿ ಮೆಲ್ಬರ್ನ್ ಅಥವಾ ಅಡಿಲೇಡ್ ಎಂಬ ಊರಿನ ಹೆಸರು. ಅಂಥ ಅಂಗಡಿ ಆ ಊರಿನಲ್ಲಿ ಎಲ್ಲೂ ಇರುವುದಿಲ್ಲ. ಸರಕು ಹೊರದೇಶದಿಂದ ಬರುತ್ತದೆ, ಕಳಪೆಯಾಗಿರುತ್ತದೆ, ವಾಪಸು ತೆಗೆದುಕೊಳ್ಳುವುದಿಲ್ಲ. 2025ರ ಜುಲೈನಲ್ಲಿ ಇಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ಇಂಥ ‘ಭೂತದ ಅಂಗಡಿ’ಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಅಲ್ಲಿ ಸರ್ಕಾರಿ ನಿಗಮದ ಮೇಲಿನ ನಂಬಿಕೆಯನ್ನು ಬಳಸಿಕೊಳ್ಳುತ್ತಾರೆ, ಇಲ್ಲಿ ಚಿಕ್ಕ ಅಂಗಡಿಯವರ ಮೇಲಿನ ಮರುಕವನ್ನು. ಜನರಲ್ಲಿರುವ ಒಳ್ಳೆಯ ಗುಣಕ್ಕೇ ಕೈ ಹಾಕುತ್ತಾರೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಕೆರೆದಂಡೆ

ನಮ್ಮ ಅಮ್ಮನಿಗೆ ಇದೇ ಥರದ್ದು ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅವರು ಕುಕ್ಕರ್ ಸೆಟ್ಟಿಗೆ ಯುಪಿಐ ಮೂಲಕ ಹಣ ಕಳಿಸಿದ್ದರು. ಏನೂ ಬರಲಿಲ್ಲ. ಬೈಯುತ್ತೇವೆಂದು ಹೆದರಿ ಬಹಳ ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಾರುವವರ ಪುಟದಲ್ಲಿ ಮಾತ್ರ “ನನ್ನ ಹಣ ವಾಪಸು ಕೊಡಿ” ಎಂದು ಬರೆದಿದ್ದರು, ಫೋನ್ ಸಂಖ್ಯೆಯ ಸಮೇತ. ಮರುದಿನವೇ “ಗ್ರಾಹಕ ಸೇವಾ ಕೇಂದ್ರ”ದಿಂದ ಕರೆ ಬಂತು. ಮಾತು ಬಹಳ ಮೃದು. ಅಮ್ಮ ಅಮ್ಮ ಎಂದೇ ಮಾತನಾಡಿಸಿದ್ದಾರೆ. ಹಣ ಮರಳಿಸಲು ಒಂದು ಆ್ಯಪ್ ಹಾಕಿಕೊಳ್ಳಿ, ಆಮೇಲೆ ಪಿನ್ ಒತ್ತಿ ಎಂದಿದ್ದಾರೆ. ಆ ಆ್ಯಪ್ ಮೊಬೈಲಿನ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವಂಥದ್ದು. ಕುಕ್ಕರ್‌ಗೆ ಹೋದದ್ದು ಚಿಲ್ಲರೆ, ಈ ಕರೆಯಲ್ಲಿ ಹೋದದ್ದು ಪಿಂಚಣಿಯ ದುಡ್ಡು.

ಮನೆಯ ಹಿರಿಯರು ಇಂಥದ್ದು ಹೇಳಿದಾಗ ದಯವಿಟ್ಟು ಗದರಬೇಡಿ. ಮೊದಲ ಸಲವೇ ನಮಗೆ ಹೇಳುವ ಧೈರ್ಯ ಅಮ್ಮನಿಗೆ ಇದ್ದಿದ್ದರೆ ಎರಡನೆಯದು ಆಗುತ್ತಲೇ ಇರಲಿಲ್ಲ.

ಕೌಂಟರಿನಾಚೆ

ಬ್ಯಾಂಕಿನಲ್ಲಿ ಕೆಲಸ ಮಾಡುವವನು ನಾನು. ಕೆರೆದಂಡೆಯವರು ಹೇಳಿದ್ದು ವಾರಕ್ಕೊಮ್ಮೆಯಾದರೂ ನಮ್ಮ ಶಾಖೆಯಲ್ಲಿ ಕೇಳಿಬರುವ ಕತೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದಿರೆಂದರೆ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಈ ಒಂದು ವಾಕ್ಯವನ್ನು ಮನೆಯ ಹಿರಿಯರಿಗೆ ಕೂತು ಹೇಳಿಕೊಡಿ.

ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅವರು ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲಿನ ಬ್ಯಾಂಕಿಗೆ ತಿಳಿಸಿ ಅದನ್ನು ತಡೆಹಿಡಿಯಲು ಪ್ರಯತ್ನಿಸುತ್ತಾರೆ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ, ಹಾಗಾಗಿ ಮೊದಲ ಗಂಟೆಗೆ ಬಹಳ ಬೆಲೆಯಿದೆ. ನಾಳೆ ಬ್ಯಾಂಕು ತೆರೆದ ಮೇಲೆ ಹೋಗೋಣ ಎಂದು ಕೂರಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ವ್ಯವಹಾರದ ಸಂಖ್ಯೆ, ಸಮಯ, ಪರದೆಯ ಚಿತ್ರ ಕೈಯಲ್ಲಿರಲಿ.

ಜನರು ತಪ್ಪಾಗಿ ತಿಳಿದಿರುವ ವಿಚಾರ ಇನ್ನೊಂದಿದೆ. ಮೂರು ದಿನದೊಳಗೆ ತಿಳಿಸಿದರೆ ಬ್ಯಾಂಕೇ ಹಣ ಕೊಡುತ್ತದೆ ಎಂದು ಹೇಳಿಕೊಂಡು ಬರುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿ ಮೂರು ಕೆಲಸದ ದಿನಗಳ ಮಾತು ಇರುವುದು ನಿಜ. ಆದರೆ ಅದು ನಿಮ್ಮ ಒಪ್ಪಿಗೆಯಿಲ್ಲದೆ, ನಿಮ್ಮ ಅಜಾಗರೂಕತೆಯೂ ಇಲ್ಲದೆ ನಡೆದ ವ್ಯವಹಾರಕ್ಕೆ. ನೀವೇ ಪಿನ್ ಒತ್ತಿ ಅಂಗಡಿಗೆ ಕಳಿಸಿದ ಹಣ ಅದರಡಿ ಬರುವುದಿಲ್ಲ. ಆದ್ದರಿಂದಲೇ ಪರಿಚಯವಿಲ್ಲದ ಜಾಲತಾಣದಲ್ಲಿ ಏನಾದರೂ ಕೊಳ್ಳಲೇಬೇಕಿದ್ದರೆ ಕ್ರೆಡಿಟ್ ಕಾರ್ಡ್ ಬಳಸಿ. ಸರಕು ಬರಲಿಲ್ಲವೆಂದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಆ ಪಾವತಿಯನ್ನು ಪ್ರಶ್ನಿಸಿ ದೂರು ಹಾಕುವ ದಾರಿಯಾದರೂ ಇರುತ್ತದೆ.

ಪಾರ್ಸೆಲ್‌ದಾರಿ

ನಾನು ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿದ್ದೇನೆ. “ಸರಕು ಬಂದ ಮೇಲೆ ಹಣ ಕೊಟ್ಟರಾಯಿತು, ಅದರಲ್ಲಿ ಮೋಸ ಹೇಗೆ” ಎಂದು ಬಹಳ ಜನ ನಂಬಿದ್ದಾರೆ. ಹೇಗೆಂದರೆ, ಮೊದಲು ಹಣ, ಆಮೇಲೆ ಪೊಟ್ಟಣ. ಒಡೆದು ನೋಡಿ ಕೊಡುವ ವ್ಯವಸ್ಥೆ ಎಲ್ಲ ಪಾರ್ಸೆಲ್‌ಗೂ ಇಲ್ಲ. ಹಣ ನಮ್ಮ ಕೈಗೆ ಬಂದರೆ ಸಂಜೆಯೊಳಗೆ ಕಚೇರಿಗೆ ಕಟ್ಟಲೇಬೇಕು. ಪೊಟ್ಟಣದಲ್ಲಿ ರೇಷ್ಮೆಯ ಬದಲು ಹಳೆಯ ಬಟ್ಟೆಯ ತುಂಡು ಬಂದರೆ ಜನ ನಮ್ಮ ಅಂಗಿ ಹಿಡಿಯುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಒಳಗೇನಿದೆ ಎಂದು ನಮಗೂ ತಿಳಿದಿರುವುದಿಲ್ಲ.

ಹಣ ಕೊಡುವ ಮೊದಲು ಮೇಲಿನ ಚೀಟಿ ಓದಿ. ಕಳಿಸಿದವರ ಹೆಸರು, ಊರು ಅದರಲ್ಲಿರುತ್ತದೆ. ಮೈಸೂರಿನ ಸೀರೆಯೆಂದು ತರಿಸಿದ ಪಾರ್ಸೆಲ್ ಬೇರೆ ರಾಜ್ಯದ ಯಾವುದೋ ಗೊತ್ತಿಲ್ಲದ ಹೆಸರಿನಿಂದ ಬಂದಿದ್ದರೆ ತೆಗೆದುಕೊಳ್ಳಬೇಡಿ. ತೆಗೆದುಕೊಂಡಿದ್ದೇ ಆದರೆ ಚೀಟಿ ಕಾಣುವಂತೆ ವಿಡಿಯೊ ಮಾಡುತ್ತಾ ಒಡೆಯಿರಿ, ಚೀಟಿಯನ್ನು ಬಿಸಾಡಬೇಡಿ. ದೂರಿಗೆ ಅದೇ ಆಧಾರ.

ವಕಾಲತ್ತು

ಕಾನೂನಿನ ಕಡೆಯಿಂದ ಕೆಲವು ಮಾತು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಎದ್ದುಕಾಣುವಂತೆ ಹಾಕಬೇಕು. ದೂರು ಕೊಟ್ಟ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂದೂ ಅದರಲ್ಲಿದೆ. ಜಿಮೇಲ್ ವಿಳಾಸವೊಂದನ್ನೇ ಹಾಕಿಕೊಂಡು ಕೂತವರು ಆ ನಿಯಮವನ್ನು ಮೊದಲ ಹೆಜ್ಜೆಯಲ್ಲೇ ಮುರಿದಿದ್ದಾರೆ.

ವಿಳಾಸವಿರುವ ನಿಜವಾದ ಕಂಪನಿಯಿಂದ ಕಳಪೆ ಸರಕು ಬಂದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ದೆಹಲಿಯಲ್ಲಿದ್ದರೂ 2019ರ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಜಾಲತಾಣದ ಮೂಲಕ ಸಲ್ಲಿಸಬಹುದು. ನನ್ನ ಹೊಟ್ಟೆಪಾಡಿಗೆ ಇದು ವಿರುದ್ಧವಾದರೂ ಹೇಳುತ್ತೇನೆ, ಸಣ್ಣ ಮೊತ್ತದ ಪ್ರಕರಣವನ್ನು ಜನ ತಾವೇ ನಡೆಸಿ ಗೆದ್ದದ್ದನ್ನು ನೋಡಿದ್ದೇನೆ. ವಿಳಾಸವೇ ಇಲ್ಲದ ಕಳ್ಳ ಪುಟವಾದರೆ ಆಯೋಗ ನೋಟಿಸ್ ಕಳಿಸುವುದಾದರೂ ಯಾರಿಗೆ? ಅಲ್ಲಿ ಸೈಬರ್ ಪೊಲೀಸರೇ ದಾರಿ.

ಮಲ್ಲಿಗೆಬಳ್ಳಿ

ಎಲ್ಲರಿಗೂ ನಮಸ್ಕಾರ. ಗೂಡಿನಪೇಟೆಯವರ ಬರಹವನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಒಂದು ಮಾತೂ ಆಡದೆ ಹಳೆಯ ಲೆಕ್ಕದ ಪುಸ್ತಕ ತೆಗೆದರು. ರಾಮನಗರದ ದರವನ್ನು ನನ್ನಿಂದಲೇ ಹುಡುಕಿಸಿದರು. 500 ಅಲ್ಲ, ಅದಕ್ಕಿಂತ ಹೆಚ್ಚೇ ಇತ್ತು. ಗುಣಾಕಾರ ಮುಗಿಸಿ, ಅಡಿಗೆರೆ ಎಳೆದು, “ಹುಳಕ್ಕೂ ಸಾಲುವುದಿಲ್ಲವಲ್ಲೇ ಇದು” ಎಂದರು. ಆ ಹಾಳೆಯ ಚಿತ್ರ ತೆಗೆದು ಕುಟುಂಬದ ಗುಂಪಿಗೆ ಅವರೇ ಹಾಕಿದ್ದಾರೆ. ಹಬ್ಬಕ್ಕೆ ಏನು ತರುವುದೆಂದು ಈಗ ನೇಕಾರಮನೆಯವರನ್ನು ಕೇಳುವ ಆಲೋಚನೆಯಲ್ಲಿದ್ದಾರೆ.

ಆದರೆ ಹಾಳೆ ನೋಡಿದ ಮೇಲೆ ಒಬ್ಬ ಅತ್ತಿಗೆ ಫೋನ್ ಮಾಡಿದರು. ಅವರು ಆಗಲೇ ಎರಡು ಸೀರೆಗೆ ಆರ್ಡರ್ ಕೊಟ್ಟಿದ್ದಾರಂತೆ, ಪಾರ್ಸೆಲ್ ಬಂದಾಗ ಹಣ ಕೊಡುವ ಲೆಕ್ಕದಲ್ಲಿ. ಈಗ ಬೇಡವೆಂದರೆ ತೊಂದರೆಯಾಗುತ್ತದೆಯೇ? ಹೆಸರು, ವಿಳಾಸ, ಫೋನ್ ಸಂಖ್ಯೆ ಎಲ್ಲ ಕೊಟ್ಟುಬಿಟ್ಟಿದ್ದಾರೆ.

ಪಾರ್ಸೆಲ್‌ದಾರಿ

ಏನೂ ತೊಂದರೆಯಿಲ್ಲ ಮೇಡಂ. ಹುಡುಗ ಬಾಗಿಲಿಗೆ ಬಂದಾಗ “ಬೇಡ, ವಾಪಸು ಕಳಿಸಿ” ಎಂದರೆ ಸಾಕು, ನಮಗೆ ಅದು ದಿನನಿತ್ಯದ ವಿಚಾರ. ಮನೆಯಲ್ಲಿ ಅತ್ತಿಗೆ ಇಲ್ಲದಾಗ ಬೇರೆಯವರು ಹಣ ಕೊಟ್ಟು ತೆಗೆದುಕೊಂಡುಬಿಡುತ್ತಾರೆ, ಹಾಗಾಗಿ ಮಕ್ಕಳಿಗೂ ಅಕ್ಕಪಕ್ಕದವರಿಗೂ ಈಗಲೇ ಹೇಳಿಡಿ. ಆರ್ಡರ್ ರದ್ದು ಮಾಡಲೆಂದು ಆ ಪುಟದವರನ್ನು ಸಂಪರ್ಕಿಸುವುದು ಬೇಡ. “ರದ್ದು ಮಾಡುತ್ತೇವೆ, ಒಟಿಪಿ ಹೇಳಿ” ಎಂದು ಅತ್ತ ಕಡೆಯಿಂದ ಕರೆ ಬಂದರೂ ಹೇಳಬಾರದು.

ಕೌಂಟರಿನಾಚೆ

ಫೋನ್ ಸಂಖ್ಯೆ ಅವರ ಕೈಗೆ ಹೋಗಿರುವುದರಿಂದ ಕೆಲವು ವಾರ ಕರೆಗಳು ಬರಬಹುದು. ಕೊರಿಯರ್, ಬಹುಮಾನ, ಕೆವೈಸಿ ಎಂದೆಲ್ಲ ಹೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಆ್ಯಪ್‌ನ ಕಡತ ಕಳಿಸಿ ಒತ್ತಿ ಎನ್ನುತ್ತಾರೆ, ಒತ್ತಬಾರದು. ಕಾರ್ಡಿನ ವಿವರ ಕೊಟ್ಟಿಲ್ಲವೆಂದಾದರೆ ಖಾತೆಗೆ ಸದ್ಯಕ್ಕೆ ಅಪಾಯವಿಲ್ಲ ಎಂದು ಅತ್ತಿಗೆಗೆ ತಿಳಿಸಿ. ಕೊಟ್ಟಿದ್ದರೆ ಇವತ್ತೇ ಆ ಕಾರ್ಡನ್ನು ಬ್ಲಾಕ್ ಮಾಡಿಸಲಿ, ಹೊಸದು ಕೆಲವೇ ದಿನದಲ್ಲಿ ಬರುತ್ತದೆ.